ಬ್ಯಾಂಕತ್ತೆಯ ಪಾಲಿನ ಸಮುದ್ರ

ಮನೆಮಂದಿಯೆಲ್ಲ ಸಮುದ್ರ ನೋಡಲು ಹೊರಟರೆ ಅವರಲ್ಲಿ ಒಬ್ಬರ ಪಾಲಿಗೆ ಸಮುದ್ರ ಬರುವುದೇ ಇಲ್ಲ. ಅವರು ಚೀಲ ಕಾಯುವವರು. ಈ ಮನೆಯಲ್ಲಿ ಆ ಕೆಲಸ ಬ್ಯಾಂಕತ್ತೆಯದು.

ಬ್ಯಾಂಕಿಗೂ ಅವಳಿಗೂ ಯಾವ ಸಂಬಂಧವೂ ಇಲ್ಲ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿಯ ಉಗಿಯಲ್ಲಿ ಬೇಯುತ್ತ, ಗಿರಾಕಿಗಳ ಅಂಗಿಗೆ ಗುಂಡಿ ಹಾಕುವುದು, ಪ್ಯಾಂಟಿನ ಅಂಚು ಮಡಿಸಿ ಹೊಲಿಯುವುದು ಅವಳ ಕಸುಬು. ಮದುವೆಯಾಗಲಿಲ್ಲ, ಅಣ್ಣನ ಮನೆಯಲ್ಲೇ ಇದ್ದಾಳೆ. ಬೇಸಿಗೆಯಲ್ಲಿ ಎಲ್ಲರೂ ವ್ಯಾನು ಮಾಡಿಕೊಂಡು ಕರಾವಳಿ ರಸ್ತೆ ಹಿಡಿದರೆ, ಮರಳಿನ ಮೇಲೆ ಹಾಸಿದ ಚಾದರದ ನಡುವೆ ಅವಳು ಕೂರುವುದು ರೂಢಿ. ನೀರಿಗಿಳಿಯುವ ಮುನ್ನ ಒಬ್ಬೊಬ್ಬರೇ ಬಂದು ಕನ್ನಡಕ, ಫೋನು, ಉಂಗುರ, ಕೈಗಡಿಯಾರ ಒಪ್ಪಿಸುತ್ತಿದ್ದರು. ಉಂಗುರಗಳನ್ನು ಅವಳು ತನ್ನ ಬೆರಳಿಗೇ ಏರಿಸಿಕೊಳ್ಳುತ್ತಿದ್ದಳು, ಗಡಿಯಾರಗಳನ್ನು ಮೊಣಕೈವರೆಗೆ ಕಟ್ಟಿಕೊಳ್ಳುತ್ತಿದ್ದಳು. ಅಷ್ಟೆಲ್ಲ ಗಡಿಯಾರವಿದ್ದರೂ ಹೊತ್ತು ಮಾತ್ರ ಹೋಗುತ್ತಿರಲಿಲ್ಲ. ಮಕ್ಕಳು ಬ್ಯಾಂಕತ್ತೆ ಎಂದು ಹೆಸರಿಟ್ಟದ್ದು ಇದಕ್ಕೇ.

ಅವಳಿಗೆ ನೀರೆಂದರೆ ಭಯ ಎಂದು ಮನೆಯವರು ತಮ್ಮಷ್ಟಕ್ಕೆ ತಾವೇ ತೀರ್ಮಾನಿಸಿಬಿಟ್ಟಿದ್ದರು. ಭಯವಿದ್ದದ್ದು ನಿಜ, ನೀರಿನದಲ್ಲ. ಹಿಂದೊಮ್ಮೆ ವ್ಯಾನಿನಲ್ಲಿ ಜಾಗ ಸಾಲದೆ, ಯಾರನ್ನು ಬಿಟ್ಟು ಹೋಗುವುದು ಎಂಬ ಮಾತು ಬಂದಿತ್ತು. "ಅವಳನ್ನ ಬಿಟ್ರೆ ಸಾಮಾನು ಯಾರು ನೋಡ್ಕೋತಾರೆ?" ಎಂದಿದ್ದ ಅಣ್ಣ. ಅಡುಗೆಮನೆಯಲ್ಲಿದ್ದವಳ ಕಿವಿಗೆ ಅದು ಬಿತ್ತು. ತನಗೊಂದು ಸೀಟು ಸಿಗುತ್ತಿರುವುದು ಚೀಲಗಳ ದಯೆಯಿಂದ ಎಂದು ಅಂದೇ ಅವಳ ಮನಸ್ಸಿಗೆ ನಾಟಿತು. ಆಮೇಲೆ ಅವಳು ಯಾವ ಸಲವೂ ಚಾದರ ಬಿಟ್ಟು ಏಳಲಿಲ್ಲ.

ಈ ವರ್ಷ ಹೊಸ ಸೊಸೆಯೂ ಜೊತೆಗೆ ಬಂದಳು, ಅಣ್ಣನ ಮಗನ ಹೆಂಡತಿ. ಚುರುಕು ಎಂದರೆ ಚುರುಕು. ದೀಪಸ್ತಂಭದ ತಿರುವಿನಲ್ಲಿ ಎಲ್ಲರನ್ನೂ ಇಳಿಸಿ ಫೋಟೋ ತೆಗೆದಳು. ಮರಳಿಗೆ ಬಂದದ್ದೇ ತಡ, ಎಲ್ಲರ ಸಾಮಾನು ಬಾಚಿಕೊಂಡು, ದಡದಲ್ಲಿ ಹೊಸದಾಗಿ ಇಟ್ಟಿದ್ದ ಬಾಡಿಗೆ ಲಾಕರಿಗೆ ತುಂಬಿ ಬೀಗ ಜಡಿದಳು. "ಇನ್ನು ನಿಮಗೆ ಯಾವ ಚಿಂತೆನೂ ಇಲ್ಲ ಅತ್ತೆ," ಎಂದವಳೇ ಕೀಲಿಕೈಯನ್ನು ಕೊರಳಿಗೆ ನೇತುಹಾಕಿಕೊಂಡು ನೀರಿಗೆ ಓಡಿದಳು.

ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಳು. ಬ್ಯಾಂಕತ್ತೆಗೆ ಮಾತ್ರ ಇದ್ದೊಂದು ಆಸರೆಯೂ ಕೈತಪ್ಪಿ ಹೋದಂತಾಯಿತು. ಬರಿಗೈಯಲ್ಲಿ ಕೂತು ಅವಳಿಗೆ ಅಭ್ಯಾಸವಿಲ್ಲ. ಚಾದರ ಕೊಡವಿ ಹಾಸಿದಳು, ಮತ್ತೆ ಕೊಡವಿದಳು. ಕೊನೆಗೆ ಚಪ್ಪಲಿ ಕೈಗೆತ್ತಿಕೊಂಡು ವ್ಯಾನಿನತ್ತ ಹೊರಟಳು.

ಮೊಣಕಾಲುದ್ದ ನೀರಿನಲ್ಲಿದ್ದ ಅಣ್ಣ ಅದನ್ನು ಕಂಡು ಏದುಸಿರು ಬಿಡುತ್ತ ಬಂದ.

"ಎಲ್ಲಿಗೆ ಹೊರಟೆ?"

"ವ್ಯಾನಲ್ಲಿ ಕೂತಿರ್ತೀನಿ. ಮುಂದಿನ ಸಲ ನಾನು ಬರಲ್ಲ ಅಣ್ಣ. ಕಾಯೋಕೆ ಏನೂ ಇಲ್ಲ, ಸುಮ್ನೆ ಒಂದು ಸೀಟು ದಂಡ."

"ಕಾಯೋಕೆ ಅಂತ ಕರ್ಕೊಂಡು ಬರ್ತಿದ್ವಾ ನಿನ್ನ?"

"ಮತ್ತೆ? ಒಂದು ಸಲನಾದ್ರೂ ನೀರಿಗೆ ಬಾ ಅಂತ ಕರೆದಿದ್ದೀಯಾ?"

ಅಷ್ಟು ವರ್ಷ ನುಂಗಿಕೊಂಡಿದ್ದ ಮಾತು ಬಾಯಿಂದ ಬಿದ್ದೇಹೋಯಿತು. ತಪ್ಪಾಯಿತು ಎನ್ನುವ ಜಾಯಮಾನ ಅಣ್ಣನದಲ್ಲ. ಅವಳ ಕೈಯಿಂದ ಚಪ್ಪಲಿ ಕಿತ್ತುಕೊಂಡು ಚಾದರದ ಮೇಲೆ ಧೊಪ್ಪನೆ ಕುಳಿತ.

"ಹೋಗು, ಇವನ್ನ ನಾನು ನೋಡ್ಕೋತೀನಿ," ಎಂದ. ಆಮೇಲೆ ಅವಳ ಮುಖ ನೋಡದೆ, "ಬೇಗ ಬರಬೇಡ," ಎಂದು ಸೇರಿಸಿದ.

ಮೊದಲ ಅಲೆ ಪಾದಕ್ಕೆ ತಾಗಿದಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ತಿರುಗಿ ನೋಡಿದಳು. ಅಣ್ಣ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇನ್ನೂ ಮುಂದೆ ಹೋಗು ಎಂದು ಕೈ ಬೀಸಿದ. ಅವಳು ಅಳುತ್ತಲೇ ಮುಂದೆ ಹೋದಳು.