ಗುಳಿಗೆಗೂ ಉಪವಾಸ

ತಂಗಿಯ ಮದುವೆ ಗೊತ್ತಾದ ಕೂಡಲೇ ಅವ್ವ ಸೋಮವಾರದ ಉಪವಾಸ ಹಿಡಿದಳು. ಜೊತೆಗೆ ಅಣ್ಣನೂ ಹಿಡಿದ. ಸೇಡಂನ ಅತ್ತೆ ಬಂದು ಗುರುವಾರ ಸೇರಿಸಿದಳು. ಶನಿವಾರ ಬಿಟ್ಟರೆ ಹನುಮಪ್ಪ ಮುನಿಯುತ್ತಾನೆ ಎಂದು ಚಿತ್ತಾಪುರದ ಚಿಕ್ಕಮ್ಮ ಹೆದರಿಸಿದಳು. ವಾಡಿಯ ನಮ್ಮ ಮನೆಯಲ್ಲಿ ದೇವರುಗಳು ಪಾಳಿ ಹಚ್ಚಿ ನಿಂತಿದ್ದರು.

ಅಣ್ಣನಿಗೆ ಸ್ಕಿಜೋಫ್ರೇನಿಯಾ. ದಿನಾ ಗುಳಿಗೆ ನುಂಗುತ್ತಾ ಕೆಲವು ವರ್ಷಗಳಿಂದ ಚೆನ್ನಾಗಿಯೇ ಇದ್ದ. ಅಂಗಡಿ ನೋಡಿಕೊಳ್ಳುತ್ತಿದ್ದ, ನನ್ನ ಬೋಳಾಗುತ್ತಿರುವ ತಲೆಯನ್ನು ಆಡಿಕೊಳ್ಳುತ್ತಿದ್ದ. ಗುಳಿಗೆ ಊಟವಾದ ಮೇಲೆ ಎಂದು ಡಾಕ್ಟರು ಹೇಳಿದ್ದರು. ಊಟವೇ ಇಲ್ಲದ ದಿನ ಗುಳಿಗೆ ಯಾಕೆ ಎಂದು ಅವ್ವ ಡಬ್ಬಿಯನ್ನು ದೇವರ ಜಗಲಿಯ ಮೇಲಿಟ್ಟಳು. ತಟ್ಟೆ ತುಂಬ ಸಾಬುದಾಣಿ ಖಿಚಡಿ ತಿಂದರೂ ಅದು ಊಟವಲ್ಲ, ಉಪವಾಸ. ಬಿ.ಎ.ಯಲ್ಲಿ ಮನಃಶಾಸ್ತ್ರ ಓದಿದ್ದ ನಾನು ಎರಡನೇ ಸಲ ಖಿಚಡಿ ಬಡಿಸಿಕೊಳ್ಳುತ್ತಿದ್ದೆ.

ಮನೆ ತುಂಬ ನೆಂಟರು, ಸೀರೆಯ ಜಗಳ, ಬಂಗಾರದ ಜಗಳ. ಅಣ್ಣನಿಗೆ ರಾತ್ರಿ ನಿದ್ದೆ ಬರದಂತಾಯಿತು.

"ಗಾಡಿ ಸೀಟಿ ನನಗೇ ಹೊಡಿಲಾಕತ್ತಾದ," ಎಂದ ಒಂದು ಬೆಳಿಗ್ಗೆ, ಹಿತ್ತಲಿನಾಚೆ ರೈಲು ಹೋಗುತ್ತಿದ್ದಾಗ.

"ಹುಡುಗಿ ಅಣ್ಣ ಅಲ್ಲೇನಪ್ಪಾ, ಸಲಾಂ ಹೊಡಿತಾದ," ಎಂದು ಅತ್ತೆ ನಕ್ಕಳು. ನಾವೂ ನಕ್ಕೆವು.

ಬಟ್ಟೆ ಖರೀದಿಗೆಂದು ಬೀಗರು ಚಿಂಚೋಳಿಯಿಂದ ಜೀಪಿನಲ್ಲಿ ಬರುವ ದಿನ. ಹೊಸ ಬೀಗರ ಕಾಲಿಗೆ ನೀರು ಕೊಡುವುದು ನಮ್ಮಲ್ಲಿ ಹುಡುಗಿಯ ಅಣ್ಣನ ಕೆಲಸ. ಹೊಸ್ತಿಲಲ್ಲಿ ಅಣ್ಣನೂ ಇಲ್ಲ, ತಂಬಿಗೆಯೂ ಇಲ್ಲ. ಹಿತ್ತಲಿಗೆ ಓಡಿದೆ. ಮನೆಯ ಹಿಂದಿನ ರೈಲು ಹಳಿಗಳ ನಡುವೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಂಬಿಗೆ ಹಿಡಿದು ನಿಂತಿದ್ದ. ಎದುರಿಗೆ ಸಿಮೆಂಟಿನ ಗೂಡ್ಸ್ ಗಾಡಿ ಬರುತ್ತಿತ್ತು.

"ಬೀಗರು ಬರಲಾಕತ್ತಾರ ತಮ್ಮಾ," ಎಂದ.

ಓದಿದ್ದೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ಒಂದೇ: "ಅಣ್ಣಾ, ಬೀಗರು ಈ ಕಡಿ ಇಳದಾರ. ಲಗು ಬಾ, ಸಿಟ್ಟಾಗ್ತಾರ."

ಬೀಗರ ಸಿಟ್ಟೆಂದರೆ ಯಾರಿಗೂ ಭಯವೇ. ದಾಟಿ ಬಂದ. ಅವನ ಬೆನ್ನ ಹಿಂದೆಯೇ ಗಾಡಿ ಹಾದುಹೋಯಿತು. ಅದರ ಗಾಳಿ ಈಗಲೂ ನನ್ನ ಮುಖಕ್ಕೆ ಬಡಿಯುತ್ತದೆ. ನಾನು ಅವನ ರಟ್ಟೆ ಹಿಡಿದುಕೊಂಡೆ. ಅಣ್ಣ ಸುತ್ತ ನೋಡಿದ. ಬೀಗರು ಯಾರೂ ಕಾಣಲಿಲ್ಲ. ತಂದ ನೀರು ವ್ಯರ್ಥವಾಗಬಾರದೆಂದು ನನ್ನ ಕಾಲಿಗೆ ಹಾಕಿದ.

ಕಲಬುರಗಿಯ ಡಾಕ್ಟರು ನಮ್ಮ ದೇವರ ವಾರಗಳನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡರು. "ಯವ್ವಾ, ಉಪವಾಸ ನಿಮಗ. ಗುಳಿಗಿಗಿಲ್ಲ," ಎಂದರು. ಗುಳಿಗೆ ಮತ್ತೆ ಶುರುವಾಯಿತು. ಅಣ್ಣ ಮೆಲ್ಲಗೆ, ಬಹಳ ಮೆಲ್ಲಗೆ, ನನ್ನ ತಲೆಯ ವಿಷಯಕ್ಕೆ ಮರಳಿದ.

ಮದುವೆಯ ದಿನ ವಧುವರರ ಮೇಲೆ ಅಕ್ಕಿಕಾಳು ಬೀಳುವವರೆಗೆ ಹೆಣ್ಣಿನ ಮನೆಯವರು ಬಾಯಿಗೆ ಏನೂ ಹಾಕುವಂತಿಲ್ಲ. ಮುಹೂರ್ತ ತಡವಾಗಿ ಸಂಜೆಯಾಯಿತು. ಎಲ್ಲರೆದುರು ಅವ್ವ ಅಣ್ಣನಿಗೆ ಅನ್ನ ಸಾರು ಕಲಸಿಕೊಟ್ಟು, ಸೆರಗಿನ ಗಂಟಿನಿಂದ ಗುಳಿಗೆ ಬಿಚ್ಚಿದಳು.

"ಹುಡುಗಿ ಅಣ್ಣ ಉಪವಾಸ ಇಲ್ಲೇನ್ರಿ?" ಎಂದು ಬೀಗತಿ ಹುಬ್ಬೇರಿಸಿದಳು.

"ಇಲ್ರಿ. ಅವನ ಪಾಲಿಂದು ನಾ ಮಾಡಲಾಕತ್ತೀನಿ," ಎಂದಳು ಅವ್ವ.

ಆಗಲೇ ದೂರದಲ್ಲಿ ಗಾಡಿಯ ಸೀಟಿ ಕೇಳಿಸಿತು. ನಾನು ದಡಕ್ಕನೆ ಎದ್ದು ನಿಂತೆ.

ಅಣ್ಣ ಗುಳಿಗೆ ನುಂಗಿ, ನನ್ನ ಅಂಗಿಯ ತುದಿ ಹಿಡಿದು ಎಳೆದ. "ಕುಂದ್ರೋ ತಮ್ಮಾ. ಅದು ಗೂಡ್ಸ್ ಗಾಡಿ. ಬೀಗರೆಲ್ಲಾ ಇಲ್ಲೇ ಅದಾರ."