ಮೂರು ಕುರ್ಚಿ ಅಕ್ಕ ಯಂತ್ರಕ್ಕೆ ಹಾಕಿದ ಕಳ್ಳಹಾಳೆ

ಬ್ರೈಲ್ ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಮೂರು ಕಂಪ್ಯೂಟರು, ಮೂರು ಕುರ್ಚಿ, ಒಬ್ಬಳೇ ಹೆಂಗಸು. ಹನ್ನೊಂದು ವರ್ಷ ಆಕೆ ಇದರಿಂದೆದ್ದು ಅದರಲ್ಲಿ ಕೂತು, ಅದರಿಂದೆದ್ದು ಇನ್ನೊಂದರಲ್ಲಿ ಕೂತು, ನೆಲದ ಕಲ್ಲೇ ಸವೆದು ಕಾಲುವೆಯಾಗಿತ್ತಂತೆ. ಮಳೆಗಾಲದಲ್ಲಿ ಕಾಗದದ ದೋಣಿ ಬಿಡಬಹುದಿತ್ತು ಎಂದು ಕಚೇರಿಯವರು ಆಣೆ ಇಟ್ಟು ಹೇಳುತ್ತಾರೆ. ಆಣೆ ಇಟ್ಟು ಹೇಳುವವರನ್ನು ಎಷ್ಟು ನಂಬಬೇಕೋ ಅಷ್ಟು ನಂಬಿದರೆ ಸಾಕು. ಹೆಸರು ಮಾತ್ರ ಅಂಟಿಕೊಂಡೇಬಿಟ್ಟಿತು: ಮೂರು ಕುರ್ಚಿ ಅಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿಯಲಿಲ್ಲ.

ಆಕೆಯ ಕೆಲಸ ಏನು ಅಂದರೆ, ಚುಕ್ಕಿಯನ್ನು ಕಟ್ಟುವುದು. ಚುಕ್ಕಿ ಅಂದರೆ ಒಂದು ಪ್ರೋಗ್ರಾಮು. ನೋಡಲು ಅದಕ್ಕೆ ಮುಖ ಇಲ್ಲ, ಮೂತಿ ಇಲ್ಲ. ಬಣ್ಣದ ಗುಂಡಿಯೂ ಇಲ್ಲ, ಮೌಸಿನಿಂದ ಒತ್ತಲು ಜಾಗವೂ ಇಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಆಜ್ಞೆ ಟೈಪು ಮಾಡಿದರೆ ಸಾಕು, ಯಾವ ಪಾಠವನ್ನು ಕೊಟ್ಟರೂ ಅದನ್ನು ಕುರುಡು ಮಕ್ಕಳು ಬೆರಳಲ್ಲಿ ಓದುವ ಉಬ್ಬಕ್ಷರವಾಗಿ ಬದಲಾಯಿಸಿಕೊಡುತ್ತಿತ್ತು. ಊರೂರಿನ ಶಾಲೆಗಳು ಅದನ್ನು ಇಳಿಸಿಕೊಂಡು, ತಮ್ಮ ಪುಸ್ತಕ, ತಮ್ಮ ಪ್ರಶ್ನೆಪತ್ರಿಕೆ ತಾವೇ ಅಚ್ಚು ಹಾಕಿಕೊಳ್ಳುತ್ತಿದ್ದವು. ತೊಂದರೆ ಏನೆಂದರೆ, ಒಂದು ಶಾಲೆಯಲ್ಲಿ ವಿಂಡೋಸು, ಇನ್ನೊಂದರಲ್ಲಿ ಮ್ಯಾಕು, ಮತ್ತೊಂದರಲ್ಲಿ ಲಿನಕ್ಸು. ಒಂದಕ್ಕೆ ಕಟ್ಟಿದ ಚುಕ್ಕಿಯನ್ನು ಇನ್ನೊಂದು ಮೂಸಿಯೂ ನೋಡುವುದಿಲ್ಲ. ಹಾಗಾಗಿ ಅದೇ ಚುಕ್ಕಿಯನ್ನು ಮೂರು ಸಲ, ಮೂರು ಯಂತ್ರದಲ್ಲಿ ಕಟ್ಟಬೇಕು. ಆಕೆ ಆ ಯಂತ್ರಗಳಿಗೆ ಹಿರಿಯ, ನಡುವಿನವ, ಕಿರಿಯ ಎಂದು ಹೆಸರಿಟ್ಟಿದ್ದಳು. ಒಂದರಲ್ಲಿ ಕೆಲಸ ಮುಗಿದರೆ ಅದರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಡುವುದು ಆಕೆಯ ಪದ್ಧತಿ. ಮೂರೂ ಕುರ್ಚಿ ಗೋಡೆ ನೋಡುತ್ತಿದ್ದರೆ, ಮೂರೂ ಮುಗಿದವು ಎಂದೇ ಲೆಕ್ಕ.

ಹೋದ ವರ್ಷ ಪರೀಕ್ಷೆಯ ಹೊತ್ತಿಗೆ ಆ ಪದ್ಧತಿಯೇ ಆಕೆಯ ಕುತ್ತಿಗೆಗೆ ಬಂತು. ಆಕೆ ಕಾಫಿಗೆಂದು ಎದ್ದು ಹೋದಾಗ ಕಸ ಗುಡಿಸುವಾಕೆ ಬಂದು, ಪೊರಕೆಗೆ ಅಡ್ಡವಾಗುತ್ತದೆಂದು ಕಿರಿಯನ ಕುರ್ಚಿಯನ್ನು ತಿರುಗಿಸಿಟ್ಟು ಹೋದಳು. ಅಕ್ಕ ಬಂದು ನೋಡಿದಳು, ಮೂರೂ ಗೋಡೆ ನೋಡುತ್ತಿವೆ, ಕಳಿಸಿಬಿಟ್ಟಳು. ಎರಡು ಹೊಸ ಚುಕ್ಕಿ, ಒಂದು ಹಳೆಯದು. ಆ ಹಳೆಯದರಿಂದ ಅಚ್ಚಾದ ಗಣಿತದ ಪತ್ರಿಕೆಯಲ್ಲಿ ಅಂಕಿಗಳು ಕಲಸುಮೇಲೋಗರವಾದವು. ಹದಿನಾಲ್ಕು ಮಕ್ಕಳು ಇನ್ನೊಮ್ಮೆ ಪರೀಕ್ಷೆ ಬರೆದರು. ಕ್ಷಮೆ ಕೇಳಲು ಆಕೆ ಆ ಶಾಲೆಗೇ ಹೋದಾಗ ಒಂದು ಹುಡುಗಿ, "ಪರವಾಗಿಲ್ಲ ಆಂಟಿ, ನಾನು ನನಗೇ ಲೆಕ್ಕ ಬರಲ್ಲ ಅಂದ್ಕೊಂಡೆ ಅಷ್ಟೇ," ಅಂದಿತ್ತು. ಬೈದಿದ್ದರೆ ಒಂದು ವಾರಕ್ಕೆ ಮರೆಯುತ್ತಿದ್ದಳು. ಇದು ವರ್ಷವಾದರೂ ಹೊಟ್ಟೆಯೊಳಗೆ ಕೂತಿತ್ತು.

ಆಮೇಲೆ ಆಕೆ ಒಂದೇ ಹಟ ಹಿಡಿದಳು: ಇನ್ನು ಕೈಯಲ್ಲಿ ಕಟ್ಟುವುದು ಬೇಡ, ಯಂತ್ರಗಳೇ ಕಟ್ಟಿಕೊಳ್ಳಲಿ. ತನ್ನ ನೋಟುಪುಸ್ತಕದ ನಲವತ್ತೇಳು ಹೆಜ್ಜೆಗಳನ್ನು ಮೂರು ತಿಂಗಳು ಕೂತು ಆಜ್ಞೆಗಳ ಪಟ್ಟಿಯಾಗಿ ಬರೆದಳು. ಈಗ ಒಂದು ಕೀಲಿ ಒತ್ತಿದರೆ ಮೂರು ಯಂತ್ರವೂ ತಂತಮ್ಮ ಚುಕ್ಕಿಯನ್ನು ತಾವೇ ಕಟ್ಟಿ, ಅದಕ್ಕೊಂದು ಲೆಕ್ಕ ಕೊಟ್ಟು ಪರೀಕ್ಷಿಸಿ, ಸರಿಯಿದ್ದರೆ ಹಸಿರು ಗೆರೆ ತೋರಿಸಿ, ಶಾಲೆಗಳಿಗೆ ಕಳಿಸುವ ಪೆಟ್ಟಿಗೆಗೆ ಹಾಕಬೇಕು. ತಪ್ಪಿದ್ದರೆ ಕೆಂಪು ಗೆರೆ ತೋರಿಸಿ ಅಲ್ಲೇ ನಿಲ್ಲಬೇಕು.

ಅದರ ಮೊದಲ ನಿಜವಾದ ದಿನ ಒಂದು ಶುಕ್ರವಾರ. ಹಿಂದಿನ ಚುಕ್ಕಿಯಲ್ಲಿ ಎರಡು ತಪ್ಪು ಸಿಕ್ಕಿದ್ದವು. ಸಾಲಿನ ಶುರುವಿನಲ್ಲಿ ಬಂದ ದಶಮಾಂಶ ಬಿಂದುವನ್ನು ಅದು ನುಂಗುತ್ತಿತ್ತು. ಅದನ್ನು ಹದಿನೈದು ದಿನದ ಹಿಂದೆ ಸರಿಪಡಿಸಿ, ಯಂತ್ರಗಳ ಪರೀಕ್ಷೆಗೂ ಬಿಂದುವಿನ ಲೆಕ್ಕವನ್ನೇ ಇಟ್ಟಿದ್ದಳು. ಆವರಣದೊಳಗಿನ ಮೈನಸ್ ಗುರುತನ್ನೂ ನುಂಗುತ್ತಿತ್ತು. ಅದು ತಿಳಿದದ್ದೇ ಬುಧವಾರ, ಸರಿಹೋದದ್ದು ಗುರುವಾರ. ಶುಕ್ರವಾರ ನಾಲ್ಕು ಗಂಟೆಗೆ ಮೂವತ್ತೊಂದು ಶಾಲೆಗಳು ಹೊಸ ಚುಕ್ಕಿಯನ್ನು ಇಳಿಸಿಕೊಳ್ಳುತ್ತವೆ, ಶನಿವಾರ ಬೆಳಿಗ್ಗೆ ಪತ್ರಿಕೆ ಅಚ್ಚು, ಸೋಮವಾರ ಗಣಿತ ಪರೀಕ್ಷೆ.

ಆವತ್ತು ಬೆಳಿಗ್ಗೆ ಮನೆಯಿಂದ ಹೊರಟವಳು ಒಲೆ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ವಾಪಸು ಬಂದಳು. ಮೂರನೆಯ ಸಲಕ್ಕೆ ಅತ್ತೆ ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು ಕೂತೇಬಿಟ್ಟಿದ್ದರು.

"ಮತ್ತೆ ಬಂದ್ಯಾ? ಆರಿದೆ ಕಣಮ್ಮ. ಎದ್ದು ಓಡಿಹೋಗದೆ ಇರ್ಲಿ ಅಂತ ನಾನೇ ಕಾವಲು ಕೂತಿದೀನಿ."

ಗಡಿಯಾರ ರಿಪೇರಿ ಮಾಡುವ ಗಂಡ ಕಣ್ಣಿನ ಭೂತಗನ್ನಡಿಯನ್ನೂ ತೆಗೆಯದೆ, "ಹೋಗ್ಲಿ ಬಿಡಮ್ಮ, ಇವತ್ತು ಅವಳ ಮಕ್ಕಳ ಪರೀಕ್ಷೆ," ಅಂದ. ಅವರಿಗೆ ಮಕ್ಕಳಿರಲಿಲ್ಲ. ಆತ ಹೇಳಿದ್ದು ಆ ಮೂರು ಯಂತ್ರಗಳನ್ನೋ, ಮೂವತ್ತೊಂದು ಶಾಲೆಯ ಮಕ್ಕಳನ್ನೋ, ಆಕೆ ಕೇಳಲಿಲ್ಲ.

ಹನ್ನೊಂದು ಗಂಟೆಗೆ ಕೀಲಿ ಒತ್ತಿದಳು. ಮೂರೂ ಯಂತ್ರದ ಫ್ಯಾನುಗಳು ಒಟ್ಟಿಗೇ ಗುರ್ ಅಂದವು. ಆಕೆ ಕೈಕಟ್ಟಿ ನಿಂತಳು. ಯಾವ ಕುರ್ಚಿಯಲ್ಲಿ ಕೂರಬೇಕೆಂದೇ ತೋಚಲಿಲ್ಲ. ಕೈಯಲ್ಲಿ ಕಟ್ಟಿದರೆ ಸಂಜೆಯವರೆಗೆ ಹಿಡಿಯುವ ಕೆಲಸ ಹನ್ನೆರಡು ನಿಮಿಷಕ್ಕೆ ಮುಗಿಯಿತು. ಹಸಿರು, ಹಸಿರು, ಹಸಿರು.

ಮ್ಯಾನೇಜರು ಬಾಗಿಲಲ್ಲೇ ಚಪ್ಪಾಳೆ ತಟ್ಟಿದರು. "ಭೇಷ್! ಇನ್ನೇನು ನೋಡ್ತೀರಿ, ಕಳ್ಸಿಬಿಡಿ ಅಕ್ಕ."

"ನಾಲ್ಕು ಗಂಟೆವರೆಗೂ ಟೈಮ್ ಇದೆಯಲ್ಲ ಸಾರ್."

"ಮೂರೂ ಹಸಿರಿದೆ. ಇನ್ನೂ ಏನು ಬೇಕು ನಿಮಗೆ, ನವಿಲು ಬಂದು ಕುಣೀಬೇಕಾ?"

ಆಕೆ ನಗಲು ನೋಡಿದಳು, ಆಗಲಿಲ್ಲ. ಹನ್ನೊಂದು ವರ್ಷದಲ್ಲಿ ಕಿರಿಯ ಒಂದು ಸಲವೂ ತಕರಾರಿಲ್ಲದೆ ಕೆಲಸ ಮಾಡಿದವನಲ್ಲ. ಅದಿಲ್ಲ, ಇದಿಲ್ಲ, ಆ ಫೈಲು ಕಾಣಲಿಲ್ಲ ಎಂದು ಗೊಣಗಿಯೇ ಮುಗಿಸುತ್ತಿದ್ದ. ಇವತ್ತು ಬಾಯಿ ಮುಚ್ಚಿಕೊಂಡು ಹಸಿರು ತೋರಿಸಿದ್ದಾನೆ. ಯಾಕೆ? ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು, ಕೆಳಗಿನಿಂದ ಮೇಲೆ ಓದಿದಳು. ತಾನೇ ಬರೆದದ್ದಲ್ಲವೇ, ಪ್ರತಿ ಸಾಲೂ ಸರಿಯಾಗಿಯೇ ಕಂಡಿತು. ಕಣ್ಣು ಸರಿ ಅನ್ನುತ್ತಿತ್ತು, ಆದರೂ ಕಳಿಸಲಿಲ್ಲ.

ಊಟದ ಹೊತ್ತಿಗೆ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಬೆರಳಣ್ಣನ ಮೇಜಿನ ಎದುರು ಹೋಗಿ ಕೂತಳು. ಬೆರಳಣ್ಣ ಮುದ್ರಣಾಲಯದ ಕರಡು ತಿದ್ದುವವನು, ಹುಟ್ಟು ಕುರುಡ. ಅಚ್ಚಾದ ಪ್ರತಿ ಹಾಳೆಯೂ ಅವನ ಬೆರಳ ಕೆಳಗೆ ಹಾದೇ ಹೊರಗೆ ಹೋಗಬೇಕು. ಬಸ್ಸಿನ ಟಿಕೀಟು ಮುಟ್ಟಿ, ಕಂಡಕ್ಟರು ಬೆಳಿಗ್ಗೆ ಹೆಂಡತಿಯೊಡನೆ ಜಗಳ ಆಡಿದ್ದಾನೋ ಇಲ್ಲವೋ ಹೇಳುತ್ತಾನೆ ಎಂಬ ಖ್ಯಾತಿ ಅವನದು. ಒಂದೆರಡು ಸಲ ಅದು ನಿಜವೂ ಆಗಿತ್ತು.

"ಏನಕ್ಕ, ಡಬ್ಬಿ ತೆಗೆದ ಸದ್ದೇ ಇಲ್ಲ?"

"ಹಸಿವಿಲ್ಲ ಕಣೋ. ಮೂರೂ ಸರಿ ಇದೆ ಅಂತಿವೆ ಯಂತ್ರ. ಅದಕ್ಕೇ ಭಯ."

"ಸರಿ ಇಲ್ಲ ಅಂದ್ರೂ ಭಯ, ಇದೆ ಅಂದ್ರೂ ಭಯ. ನಿನ್ನ ಹತ್ರ ಕೆಲ್ಸ ಮಾಡೋ ಯಂತ್ರದ ಗತಿ ಕೇಳೋರ್ಯಾರು!" ಎಂದು ನಕ್ಕು, ತುತ್ತು ನುಂಗಿ, ಕೇಳಿದ: "ಅವು ನಿದ್ದೆ ಮಾಡ್ತಿಲ್ಲ ತಾನೇ?"

"ಅಂದ್ರೆ?"

"ಅಂದ್ರೆ ಏನು? ನಂಗೆ ಕಳ್ಳಹಾಳೆ ಹಾಕ್ತಾರಲ್ಲ, ಅವಕ್ಕೆ ಹಾಕಿದ್ಯಾ?"

ಕಳ್ಳಹಾಳೆ ಅಂದರೆ ಆ ಮುದ್ರಣಾಲಯದ ಹಳೆಯ ರೂಢಿ. ಕರಡು ತಿದ್ದುವವನಿಗೆ ಕೊಡುವ ಕಟ್ಟಿನಲ್ಲಿ, ಬೇಕೆಂದೇ ತಪ್ಪು ಅಚ್ಚು ಮಾಡಿದ ಒಂದು ಹಾಳೆಯನ್ನು ಸದ್ದಿಲ್ಲದೆ ಸೇರಿಸುತ್ತಿದ್ದರು. ಅವನು ಅದನ್ನು ಹಿಡಿದರೆ ಎಚ್ಚರವಾಗಿದ್ದಾನೆ ಎಂದರ್ಥ. ಹಿಡಿಯದೆ 'ಎಲ್ಲಾ ಸರಿ' ಅಂದರೆ, ಇಡೀ ಕಟ್ಟನ್ನೇ ಮತ್ತೆ ಓದಬೇಕು. ಬೆರಳಣ್ಣ ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಕಳ್ಳಹಾಳೆ ಬಿಟ್ಟಿದ್ದ, ಅದೂ ಅವನ ಮದುವೆಯ ಹಿಂದಿನ ದಿನ.

ಅಕ್ಕ ಎದ್ದಳು. ಡಬ್ಬಿ ಅಲ್ಲೇ ಉಳಿಯಿತು.

ಚುಕ್ಕಿಯ ಮೂಲದಲ್ಲಿ ಬೇಕೆಂದೇ ಕೈಯಾಡಿಸಿ, ದಶಮಾಂಶ ಬಿಂದುವನ್ನು ಮತ್ತೆ ನುಂಗುವ ಹಾಗೆ ಮಾಡಿದಳು. ಹನ್ನೊಂದು ವರ್ಷ ಸಾಕಿದ್ದನ್ನು ತನ್ನ ಕೈಯಾರೆ ಕೆಡಿಸಿದ್ದಳು. ಇದನ್ನು ಮತ್ತೆ ತೆಗೆಯಲು ಮರೆತರೆ? ಹಣೆಗೇ ಅಂಟಿಸಿಕೊಳ್ಳುವಳೇನೋ ಎಂಬ ಹಾಗೆ ಅಂಗೈಯಗಲದ ಚೀಟಿಯಲ್ಲಿ 'ಕಳ್ಳ ಒಳಗಿದ್ದಾನೆ' ಎಂದು ಬರೆದು ಪರದೆಗೆ ಅಂಟಿಸಿ, ಕಳಿಸುವ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿ ಒತ್ತಿದಳು.

ಹಿರಿಯ ಕೆಂಪು ತೋರಿಸಿದ. ಸರಿ. ನಡುವಿನವನೂ ಕೆಂಪು. ಸರಿ. ಕಿರಿಯ?

ಹಸಿರು.

ಆಕೆ ಗಡಿಯಾರ ನೋಡಿದಳು. ಗಂಟೆ ಎರಡೂವರೆ. ತಪ್ಪು ಚುಕ್ಕಿಯನ್ನು ಕಟ್ಟಿ, ಪರೀಕ್ಷೆ ಮಾಡಿ, ಸರಿಯಿದೆ ಅನ್ನುತ್ತಿದ್ದಾನೆ! ಹಾಗಾದರೆ ಬೆಳಿಗ್ಗೆಯ ಹಸಿರಿಗೆ ಏನು ಬೆಲೆ? ಮೂವತ್ತೊಂದರಲ್ಲಿ ಹತ್ತೊಂಬತ್ತು ಶಾಲೆಗಳಲ್ಲಿ ಇರುವುದು ಕಿರಿಯನ ಜಾತಿಯ ಕಂಪ್ಯೂಟರೇ.

ಕಿರಿಯನ ಪಟ್ಟಿಯನ್ನು ಒಂದೊಂದೇ ಸಾಲು ಕೈಯಲ್ಲಿ ನಡೆಸತೊಡಗಿದಳು. ಕಟ್ಟಿದ್ದು ನಿಜ. ಕಟ್ಟಿದ್ದನ್ನು ಹೊಸ ಫೋಲ್ಡರಿನಲ್ಲಿ ಇಟ್ಟದ್ದೂ ನಿಜ. ಆದರೆ ಪರೀಕ್ಷೆಗೆ ಎತ್ತಿಕೊಂಡದ್ದು 'ಮುಗಿದದ್ದು' ಎಂಬ ಫೋಲ್ಡರಿನಿಂದ. ಪೆಟ್ಟಿಗೆಗೆ ಹಾಕಿದ್ದೂ ಅಲ್ಲಿಂದಲೇ. ಆ ಫೋಲ್ಡರು ಯಾರದು? ಆಕೆಯದೇ. ಕೈಯಲ್ಲಿ ಕಟ್ಟಿದ್ದನ್ನೆಲ್ಲ ಹನ್ನೊಂದು ವರ್ಷ ಅಲ್ಲೇ ಇಟ್ಟು ಇಟ್ಟು, ಕಿರಿಯನ ಪಟ್ಟಿ ಬರೆಯುವಾಗ ಕೈ ತನ್ನಷ್ಟಕ್ಕೆ ಅದೇ ಹೆಸರು ಬರೆದಿತ್ತು. ಹದಿನೈದು ದಿನದ ಹಿಂದೆ ಬೆರಳಣ್ಣನಿಗೆ ತೋರಿಸಲೆಂದು ಕಟ್ಟಿದ ಚುಕ್ಕಿ ಅಲ್ಲಿ ಕೂತಿತ್ತು. ಅದಕ್ಕೆ ಬಿಂದು ಗೊತ್ತಿತ್ತು, ಹಾಗಾಗಿ ಪರೀಕ್ಷೆ ಪಾಸು. ಗುರುವಾರದ ಮೈನಸ್ ಗೊತ್ತಿರಲಿಲ್ಲ, ಮೈನಸ್ಸಿನ ಲೆಕ್ಕವನ್ನು ಪಟ್ಟಿಯಲ್ಲಿ ಯಾರೂ ಕೇಳಿಯೂ ಇರಲಿಲ್ಲ. ಬೆಳಿಗ್ಗೆಯೇ ಕಳಿಸಿದ್ದರೆ ಹತ್ತೊಂಬತ್ತು ಶಾಲೆಯ ಮಕ್ಕಳು, ಮೈನಸ್ಸೇ ಇಲ್ಲದ ಲೆಕ್ಕವನ್ನು ಬೆರಳಲ್ಲಿ ಓದಿ, ತಮಗೇ ಲೆಕ್ಕ ಬರುವುದಿಲ್ಲ ಅಂದುಕೊಳ್ಳುತ್ತಿದ್ದರು.

ಆಕೆ ಫೋಲ್ಡರಿನ ಹೆಸರು ತಿದ್ದಿದಳು. ಮೂರೂ ಯಂತ್ರದ ಪರೀಕ್ಷೆಗೆ ಮೈನಸ್ಸಿನ ಲೆಕ್ಕ ಸೇರಿಸಿದಳು. ಕಳ್ಳನನ್ನು ಒಳಗೇ ಬಿಟ್ಟು ಮತ್ತೆ ಕೀಲಿ ಒತ್ತಿದಳು. ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷದಲ್ಲಿ ಆಕೆ ಸೀರೆಯ ಸೆರಗಿನ ಒಂದು ಎಳೆ ಹಿಡಿದು ಎಳೆಯುತ್ತಾ ಕೂತಿದ್ದಳಂತೆ. ಮನೆಗೆ ಹೋಗುವಾಗ ಸೀರೆ ಆರು ಮೊಳಕ್ಕೆ ಇಳಿದಿತ್ತು ಎಂದು ಬೆರಳಣ್ಣ ಈಗಲೂ ಹೇಳುತ್ತಾನೆ. ಅವನು ನೋಡಿದ್ದು ಹೇಗೆ ಎಂದು ಕೇಳಬಾರದು.

ಅಷ್ಟರಲ್ಲಿ ಮ್ಯಾನೇಜರು ಇಣುಕಿದರು. ಪರದೆಯ ಮೇಲೆ ಮೂರು ಕೆಂಪು ಗೆರೆ. ಅವರ ಮುಖ ಬಿಳಿಚಿತು.

"ಅಯ್ಯೋ! ಮೂರೂ ಹೋಯ್ತಾ?"

"ಹೋಯ್ತು ಸಾರ್!" ಆವತ್ತು ಆಕೆ ಮೊದಲ ಬಾರಿ ನಕ್ಕಿದ್ದು ಆಗಲೇ. "ಮೂರೂ ಕೆಂಪು! ಕಿರಿಯನೂ ಕೆಂಪು!"

"ಅಕ್ಕ, ನೀರು ಕುಡೀತೀರಾ? ಮಧ್ಯಾಹ್ನ ಊಟ ಮಾಡಿದ್ರಾ?"

"ಮೂರೂ ಎಚ್ಚರ ಇವೆ ಸಾರ್. ಈಗ ಕಳ್ಳನ್ನ ತೆಗೀಬೇಕು, ಸ್ವಲ್ಪ ಜರುಗಿ."

ಕಳ್ಳ ಯಾರು, ಯಾವಾಗ ಒಳಗೆ ಬಂದ ಎಂದು ಅವರಿಗೆ ತಿಳಿಯಲಿಲ್ಲ. ಮೇಜಿನ ಕೆಳಗೊಮ್ಮೆ ಬಗ್ಗಿ ನೋಡಿ, ಜರುಗಿ ನಿಂತರು.

ಕೆಡಿಸಿದ್ದನ್ನು ತೆಗೆದಳು. ಚೀಟಿ ಹರಿದಳು. ತೆಗೆದದ್ದು ಹೌದೋ ಅಲ್ಲವೋ ಎಂದು ಗುರುವಾರದ ಪ್ರತಿಯೊಡನೆ ಹೋಲಿಸಿ ನೋಡಿದಳು, ಒಂದಕ್ಷರವೂ ವ್ಯತ್ಯಾಸವಿರಲಿಲ್ಲ. ಮೂರು ಗಂಟೆ ಇಪ್ಪತ್ತೈದಕ್ಕೆ ಕೀಲಿ. ಮೂರು ಮೂವತ್ತೇಳಕ್ಕೆ ಮೂರು ಹಸಿರು. ಅಷ್ಟಕ್ಕೂ ಬಿಡದೆ, ಮೂರರಿಂದಲೂ ಒಂದೊಂದು ಹಾಳೆ ಅಚ್ಚು ಹಾಕಿಸಿ ಬೆರಳಣ್ಣನ ಮುಂದಿಟ್ಟಳು. ಅವನ ಹೆಗಲ ಮೇಲೆ ಬಾಗಿ ಓದುವುದನ್ನು ನೋಡಿದಳು. ಒಂದು ಕಡೆ ಬೆರಳು ನಿಂತಿತು.

"ಏನೋ? ಏನಾಯ್ತು?"

"ಏನಿಲ್ಲಕ್ಕ, ಉಗುರು ಸಿಕ್ಕಿಕೊಂಡಿತು. ನೀನು ಹಾಗೆ ಮೈಮೇಲೆ ಬಿದ್ದು ಉಸಿರು ಬಿಟ್ರೆ ಹಾಳೆ ಹಾರಿಹೋಗುತ್ತೆ." ಮೂರನೆಯದನ್ನೂ ಮುಗಿಸಿ ಹಾಳೆಗಳನ್ನು ತಟ್ಟಿ ಜೋಡಿಸಿದ. "ಬಿಂದು ಇದೆ. ಮೈನಸ್ ಇದೆ. ಮೂರಲ್ಲೂ ಇದೆ. ಹೋಗು, ಕಳ್ಸು."

ನಾಲ್ಕಕ್ಕೆ ನಾಲ್ಕು ನಿಮಿಷವಿದ್ದಾಗ ಪೆಟ್ಟಿಗೆಯ ಬೀಗ ತೆಗೆದಳು.

ಶನಿವಾರ ಮುದ್ರಣಾಲಯಕ್ಕೆ ರಜೆ. ಆದರೂ ಬೆಳಿಗ್ಗೆ ಒಂಬತ್ತಕ್ಕೆ, ದೂರದ ಒಂದು ಶಾಲೆಗೆ, ಕಿರಿಯನ ಜಾತಿಯ ಕಂಪ್ಯೂಟರಿರುವ ಶಾಲೆಗೆ, ಫೋನು ಮಾಡಿದಳು. ಅಚ್ಚು ನೋಡಿಕೊಳ್ಳುವ ಗಣಿತದ ಮೇಡಂ ಎತ್ತಿಕೊಂಡರು. ಅವರೂ ಬೆರಳಲ್ಲೇ ಓದುವವರು.

"ಮೇಡಂ, ಪತ್ರಿಕೆ ಅಚ್ಚಾಯ್ತಾ? ಒಂಚೂರು ಓದಿ ಹೇಳ್ತೀರಾ?"

"ಏನಮ್ಮ ನೀವು, ಪ್ರಶ್ನೆಪತ್ರಿಕೆ ಫೋನಲ್ಲಿ ಓದ್ತಾರಾ? ಗುಟ್ಟು ಅದು."

"ಪ್ರಶ್ನೆ ಬೇಡ ಮೇಡಂ. ಆವರಣದ ಒಳಗೆ ಎಲ್ಲಾದ್ರೂ ಮೈನಸ್ ಇದ್ಯಾ, ಇಲ್ವಾ, ಅಷ್ಟೇ ಹೇಳಿ."

ಆ ಕಡೆ ಮೇಡಂ ಹಾಳೆ ಎಳೆದುಕೊಂಡರು. ದಪ್ಪ ಕಾಗದದ ಮೇಲೆ ಬೆರಳು ಸರಿಯುವುದು ಮಾತ್ರ ಸರಸರ ಕೇಳಿಸುತ್ತಿತ್ತು. ಒಂದು ಸಾಲು. ಇನ್ನೊಂದು ಸಾಲು. ಅಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಗಂಡ ಭೂತಗನ್ನಡಿ ತೆಗೆದು ಆಕೆಯ ಮುಖ ನೋಡಿದ. ಬೆರಳು ನಿಂತಿತು.

"ಇದೆ."

"ಎಷ್ಟು ಕಡೆ ಮೇಡಂ?"

"ಅದೂ ಗುಟ್ಟೇ ಕಣಮ್ಮ," ಎಂದು ನಕ್ಕು, ಮೇಡಂ ಫೋನಿಟ್ಟರು.