ಮೊದಲ ಚಿಪ್ಪು ದೊಡ್ಡಮ್ಮನದು

ಬೀದಿಯವರು ನಮ್ಮ ದೊಡ್ಡಮ್ಮನಿಗೆ ಇಟ್ಟ ಹೆಸರು ‘ಒಂದು ಗಂಟೆಯ ಅಜ್ಜಿ’. ನೀರು ಇಳಿದಾಗ ಕಡಲ ಬಂಡೆಗಳಿಂದ ನೀಲಿಕಲ್ಲು ಕಿತ್ತು ತರುವುದು ನಮ್ಮ ಮನೆಯ ಕಸುಬು. ಹೆಸರಿಗೆ ಕಲ್ಲು, ಅಸಲಿಗೆ ಜೀವವಿರುವ ಕಪ್ಪೆಚಿಪ್ಪು. ಮೈಯೊಳಗಿಂದ ಕಂದು ದಾರ ಹೊಸೆದು ಬಂಡೆಗೆ ಅಂಟಿಕೊಂಡಿತೆಂದರೆ ಉಳಿ ಹಾಕಿಯೇ ಮೀಟಬೇಕು. ಬುಟ್ಟಿ ಅಂಗಳಕ್ಕೆ ಬಂದ ಮೇಲೆ ಮೊದಲ ಚಿಪ್ಪನ್ನು ಬೇಯಿಸಿ ತಿನ್ನುವವಳು ದೊಡ್ಡಮ್ಮ. ತಿಂದು ಒಂದು ಗಂಟೆ ಸುಮ್ಮನೆ ಕೂರುತ್ತಾಳೆ. ತುಟಿ ಜುಮ್ಮೆನ್ನದಿದ್ದರೆ ಮಾರಾಟ. ಜುಮ್ಮೆಂದರೆ ಇಡೀ ಬುಟ್ಟಿ ಮರಳಿ ಸಮುದ್ರಕ್ಕೆ.

ಇದು ಹುಚ್ಚಾಟವಲ್ಲ. ನೀಲಿಕಲ್ಲು ಆಹಾರ ಹುಡುಕಿ ಎಲ್ಲಿಗೂ ಹೋಗುವುದಿಲ್ಲ. ಚಿಪ್ಪು ಅರೆ ತೆರೆದು ಕೂತಲ್ಲೇ ಚೆಂಬುಗಟ್ಟಲೆ ನೀರು ಸೋಸಿ, ಅದರಲ್ಲಿ ತೇಲುವ, ಕಣ್ಣಿಗೆ ಕಾಣದ ಪಾಚಿ ತಿನ್ನುತ್ತದೆ. ಕೆಲವೊಮ್ಮೆ ಆ ಪಾಚಿಯಲ್ಲೇ ವಿಷವಿರುತ್ತದೆ. ಅದಕ್ಕೇನೂ ಆಗದು, ತಿಂದವರಿಗೆ ಆಗುತ್ತದೆ. ಬಣ್ಣ, ವಾಸನೆ, ರುಚಿ ಯಾವುದೂ ಕೆಡುವುದಿಲ್ಲ. ಎಷ್ಟು ಕುದಿಸಿದರೂ ವಿಷ ಹೋಗುವುದಿಲ್ಲ.

ನನ್ನ ಅಮ್ಮ ಸತ್ತದ್ದು ಹಾಗೆ. ನನಗಾಗ ಏಳು ವರ್ಷ. ಅಲೆ ಜೋರಾಗಿದ್ದ ದಿನ, ಸಿಕ್ಕಿದ್ದು ಮನೆಗಾಗುವಷ್ಟೇ. ಅಕ್ಕ, ಅಂದರೆ ದೊಡ್ಡಮ್ಮ, ಮೊದಲ ಚಿಪ್ಪು ತಿಂದು ಕೂತಿದ್ದರೆ ತಂಗಿಗೆ ತಡೆಯಲಾಗಲಿಲ್ಲವಂತೆ. ಗಂಟೆ ಮುಗಿಯುವ ಮೊದಲೇ ಬಟ್ಟಲು ತುಂಬ ತಿಂದಳು. ಸಂಜೆಯ ಹೊತ್ತಿಗೆ ಉಸಿರು ನಿಂತಿತು. “ಆತುರಗಾರನಿಗೆ ಬುದ್ಧಿ ಮಟ್ಟ” ಎಂದು ಹೆಣದ ಮುಂದೆಯೇ ಯಾರೋ ಅಂದರು. ನಾನೂ ಅದನ್ನೇ ನಂಬಿ ಬೆಳೆದೆ. ಒಂದು ಬಟ್ಟಲಿನ ಆಸೆಗೆ ನನ್ನನ್ನು ಬಿಟ್ಟುಹೋದವಳ ಮೇಲೆ ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು.

ಸಾಕಿದ್ದು ದೊಡ್ಡಮ್ಮ. ತನ್ನ ಬಾಯಿ ಕಟ್ಟಿ ನನ್ನ ಹೊಟ್ಟೆ ತುಂಬಿಸಿದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳ ಜೊತೆ ಯಾವಾಗಲೂ ಇನ್ನೊಬ್ಬಳು ಇರುತ್ತಿದ್ದಳು. ಆ ಒಂದು ಗಂಟೆಯಲ್ಲಿ ಎದುರಿನ ಖಾಲಿ ಮಣೆಯನ್ನು ನೋಡುತ್ತ, “ಇರೇ, ಇನ್ನೂ ಆಗಿಲ್ಲ” ಎಂದು ಪಿಸುಗುಟ್ಟುತ್ತಿದ್ದಳು. ಆ ಮಣೆಯ ಮೇಲೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಅದನ್ನು ಸುತ್ತಿ ಬಳಸಿ ನಡೆಯುತ್ತಿದ್ದೆ. ಈಗ ಇಪ್ಪತ್ತೊಂಬತ್ತಾದರೂ ಹಾಗೆಯೇ ನಡೆಯುತ್ತೇನೆ, ನಗಬೇಡಿ.

ಈ ವರ್ಷ ಅವಳ ತುಟಿ ದಿನವೂ ಜುಮ್ಮೆನ್ನತೊಡಗಿತು. ಸತತ ಐದು ಬುಟ್ಟಿ ಚೆಲ್ಲಿಸಿದಳು. ನೀರು ಪರೀಕ್ಷೆ ಮಾಡುವ ಕಚೇರಿಯವರು ಏನೂ ದೋಷವಿಲ್ಲ ಎಂದು ಕಾಗದ ಕೊಟ್ಟಿದ್ದರು. ಆರನೆಯ ದಿನ ಅಂಗಳದಲ್ಲಿ ಪಾತ್ರೆ ಹಿಡಿದು ನಾಲ್ಕು ಜನ ನಿಂತಿದ್ದರು. ಗಂಟೆ ಮುಗಿಯಿತು. ದೊಡ್ಡಮ್ಮ ತುಟಿ ಮುಟ್ಟಿಕೊಂಡಳು.

“ಚೆಲ್ಲು,” ಅಂದಳು.

ನನ್ನ ಪಿತ್ತ ನೆತ್ತಿಗೇರಿತು. “ನಿನ್ ತುಟಿ ಮಾತು ಕೇಳಿದ್ರೆ ನಾವ್ ಉಪವಾಸ ಬೀಳ್ಬೇಕು, ದೊಡ್ಡಮ್ಮ. ಇವತ್ತು ನಾನೇ ತಿಂದು ತೋರಿಸ್ತೀನಿ.” ಬೆಂದ ಚಿಪ್ಪೊಂದನ್ನು ಬಿಡಿಸಿ ಬಾಯಿಯ ಹತ್ತಿರ ತಂದೆ.

ಪಾತ್ರೆ ಹಿಡಿದು ನಿಂತವರಲ್ಲಿ ಚಹಾ ಅಂಗಡಿಯವಳು ನಕ್ಕಳು. “ತಾಯಿಯಂತೆ ಮಗಳು! ಅವಳಿಗೂ ಕಾಯೋಕೆ ಆಗ್ಲಿಲ್ಲ, ಇವಳಿಗೂ ಆಗಲ್ಲ.”

ದೊಡ್ಡಮ್ಮ ನನ್ನ ಕೈಗೆ ಹೊಡೆದಳು. ಚಿಪ್ಪು ನೆಲಕ್ಕೆ ಬಿತ್ತು.

“ಅವಳು ಕಾದಳು,” ಅಂದಳು.

ಎದುರಿನ ಖಾಲಿ ಮಣೆಯತ್ತ ಕೈ ತೋರಿಸಿದಳು.

“ಪೂರ್ತಿ ಒಂದು ಗಂಟೆ ಕಾದಳು. ಅಲ್ಲೇ, ಆ ಮಣೆ ಮೇಲೆ. ನಂಗೆ ಹಲ್ಲುನೋವು, ಲವಂಗದೆಣ್ಣೆ ಹಚ್ಕೊಂಡಿದ್ದೆ. ತುಟಿ ಜುಮ್ ಅಂತು. ಲವಂಗದ್ದೇ ಇರ್ಬೇಕು ಅಂದ್ಕೊಂಡೆ. ‘ಏನಿಲ್ಲ, ತಿನ್ನು’ ಅಂತ ನಾನೇ ಬಡಿಸಿದೆ ಕಣೇ. ಆಮೇಲೆ ಜನ ಕೇಳಿದಾಗ, ಅವಳು ಕಾಯಲಿಲ್ಲ ಅಂದ್ಬಿಟ್ಟೆ.”

ಪಾತ್ರೆಯವರು ಒಬ್ಬೊಬ್ಬರಾಗಿ ಹೊರಟುಹೋದರು. ಅವಳ ತುಟಿಯನ್ನು ನಂಬಿಯೇ ಇಷ್ಟು ವರ್ಷ ನಮ್ಮಲ್ಲಿಗೆ ಬರುತ್ತಿದ್ದವರು ಅವರು.

ನನಗೆ ದೊಡ್ಡಮ್ಮನ ಮೇಲೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೆ ಅದಕ್ಕಿಂತ ದೊಡ್ಡ ಸಂಕಟ ಬೇರೆಯಿತ್ತು. ಇಪ್ಪತ್ತೆರಡು ವರ್ಷ ನಾನು ಅಮ್ಮನ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಹೇಳಲು ಬಂದವರ ಬಾಯಿ ಮುಚ್ಚಿಸಿದ್ದೆ. ಒಳಗೆ ಹೋಗಿ ಟ್ರಂಕಿನ ತಳದಿಂದ, ನಾನು ಎಂದೂ ನೋಡಲೊಪ್ಪದ ಫೋಟೊ ತೆಗೆದೆ. ಬಂಡೆಯ ಮುಂದೆ ಇಬ್ಬರು ಹುಡುಗಿಯರು ಒಂದೇ ಬುಟ್ಟಿ ಹಿಡಿದು ನಗುತ್ತಿದ್ದರು. ಇಬ್ಬರದೂ ಒಂದೇ ಮೂಗು, ಒಂದೇ ಹಣೆ.

ದೊಡ್ಡಮ್ಮ ಬಾಗಿಲಲ್ಲಿ ಬಂದು ನಿಂತಳು. “ಬೈಯೇ. ಏನಾದ್ರೂ ಅನ್ನು,” ಎಂದಳು.

ಎಷ್ಟು ದಿಟ್ಟಿಸಿದರೂ ಗುರುತು ಸಿಗದೆ, ಕೊನೆಗೆ ಫೋಟೊವನ್ನು ಅವಳ ಕಡೆಗೇ ಚಾಚಿದೆ.

“ದೊಡ್ಡಮ್ಮ, ಇದ್ರಲ್ಲಿ ಅಮ್ಮ ಯಾರು?”